ಮ್ಯಾಪ್ ಮನೆಯ ಮಳೆಗಾಲದಲ್ಲಿ ನಾನು ಹೇಳಿದ ‘ಇಲ್ಲ’

ಹೋದ ಫೆಬ್ರವರಿಯ ಒಂದು ಮಧ್ಯಾಹ್ನ, ಹಾಸನದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಟೆಂಡರ್ ಹಳೆಯ ಬೀರುವೊಂದನ್ನು ತೆರೆದ. ಗೋಡೆಗೆ ಬಣ್ಣ ಹೊಡೆಸಬೇಕಿತ್ತು, ಅದಕ್ಕೆ ಬೀರು ಖಾಲಿ ಮಾಡಬೇಕಿತ್ತು. ಬಾಗಿಲು ತೆರೆದ ಕೂಡಲೇ ನುಸಿಗುಳಿಗೆಯ ಮತ್ತು ಹಳೆ ಕಾಗದದ ವಾಸನೆ ಒಟ್ಟಿಗೆ ಬಂದು ಮೂಗಿಗೆ ಹೊಡೆಯಿತು. ಪಕ್ಕದಲ್ಲಿ ಕೂತಿದ್ದ ಇತಿಹಾಸದ ಮೇಡಂ ನನ್ನ ಕಡೆ ತಿರುಗಿ, “ಯಾಕ್ರೀ, ಮುಖ ಎಲ್ಲ ಕೆಂಪಾಗಿದೆ?” ಎಂದರು. “ಸೆಕೆ ಕಣ್ರೀ” ಎಂದೆ. ಫೆಬ್ರವರಿಯಲ್ಲಿ ಹಾಸನದಲ್ಲಿ ಎಂಥ ಸೆಕೆ. ಆ ವಾಸನೆ ಬಂದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ, ನಾಲ್ಕು ವರ್ಷಗಳಿಂದ ಹೀಗೇ. ಯಾಕೆ ಎಂದು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ನಾನು ಮೂರ್ನಾಡಿನಲ್ಲಿ ಬಾಡಿಗೆ ಕೋಣೆ ಹಿಡಿದುಕೊಂಡು, ಭೂಗೋಳದ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದೆ. ಹುಟ್ಟೂರು ಶನಿವಾರಸಂತೆ ಕಡೆ. ಅತಿಥಿ ಎಂದರೆ ಹೆಸರಿಗೆ ತಕ್ಕ ಹಾಗೆಯೇ. ಪ್ರತಿ ಜೂನ್‌ನಲ್ಲಿ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ವಯಸ್ಸು ಮೂವತ್ತಾರಾಗಿತ್ತು. ಪಿಎಚ್.ಡಿ. ಅರ್ಧಕ್ಕೆ ನಿಂತಿತ್ತು. ಒಳ್ಳೆಯ ಪತ್ರಿಕೆಯೊಂದರಲ್ಲಿ ಒಂದು ಲೇಖನವಾದರೂ ಅಚ್ಚಾಗದೆ ಮುಂದೆ ದಾರಿ ಇಲ್ಲ ಎಂದು ನನ್ನ ಗೈಡ್ ಖಡಾಖಂಡಿತವಾಗಿ ಹೇಳಿದ್ದರು. ವಿಷಯ ಪಶ್ಚಿಮ ಘಟ್ಟದ ಹಳೆಯ ಸರ್ವೆಗಳು. ಅದಕ್ಕೆ ಬೇಕಾದದ್ದೆಲ್ಲ ಸಿದ್ದಾಪುರದ ಹತ್ತಿರ ಒಂದು ಎಸ್ಟೇಟ್ ಬಂಗಲೆಯಲ್ಲಿದೆ ಎಂದು ಯಾರೋ ಹೇಳಿದಾಗ ನಾನು ಮೊದಲು ನಂಬಲೇ ಇಲ್ಲ.

ಊರಿನವರು ಅದನ್ನು ಮ್ಯಾಪ್ ಮನೆ ಎನ್ನುತ್ತಿದ್ದರು. ಅದರ ಯಜಮಾನ ಮಾದಪ್ಪ ಎನ್ನುವವರು ಸರ್ವೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು, ಕೆಲಸದ ಮೇಲೆ ಎಲ್ಲೆಲ್ಲಿ ಹೋದರೋ ಅಲ್ಲಲ್ಲಿಯ ಗುಜರಿ ಅಂಗಡಿ, ಫುಟ್‌ಪಾತು, ಹರಾಜುಗಳಿಂದ ಭೂಗೋಳದ ಪುಸ್ತಕ, ನಕ್ಷೆ, ಪ್ರವಾಸದ ದಿನಚರಿ ಎಲ್ಲ ಕೊಂಡು ತಂದು ತುಂಬಿದ್ದರು. ಅವರು ತೀರಿಕೊಂಡ ಮೇಲೆ ಮೈಸೂರಿನಲ್ಲಿದ್ದ ಮಗಳು ಟ್ರಸ್ಟ್ ಮಾಡಿ ಅದನ್ನು ಗ್ರಂಥಾಲಯವಾಗಿ ಉಳಿಸಿದ್ದರು. ಮುಂದಿನ ಕೋಣೆಯಲ್ಲಿ ಇಬ್ಬರು ಸೇರಿ ಎತ್ತಬೇಕಾದಂಥ ಅಟ್ಲಾಸುಗಳು. ನಡುವಿನ ಕೋಣೆಯಲ್ಲಿ ಅನ್ವೇಷಕರು: ಧ್ರುವಕ್ಕೆ ಹೋಗಿ ಹಿಮದಲ್ಲೇ ಉಳಿದವರು, ನದಿಯ ಮೂಲ ಹುಡುಕಿಕೊಂಡು ವರ್ಷಗಟ್ಟಲೆ ಅಲೆದವರು, ವೇಷ ಮರೆಸಿಕೊಂಡು ಟಿಬೆಟ್ಟಿಗೆ ನುಗ್ಗಿದವರು. ಹಿಂದಿನ ಕೋಣೆಯಲ್ಲಿ ನಮ್ಮ ಘಟ್ಟದ ಸರ್ವೆ ವರದಿಗಳು, ಮತ್ತು ಅಧಿಕಾರಿಗಳು ಕಾಡಿನಲ್ಲಿ ಕೂತು ಕೈಯಲ್ಲೇ ಬರೆದ ಇಪ್ಪತ್ತಾರು ಫೀಲ್ಡ್ ಬುಕ್ಕುಗಳು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಪ್ರತಿ ಬೀರುವಿನ ಒಳಗೆ ಒಂದೊಂದು ಬಲ್ಬು ಉರಿಯುತ್ತಿತ್ತು, ಮೂಲೆ ಮೂಲೆಗೆ ನುಸಿಗುಳಿಗೆ.

ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಜಾನಕಿ ಅಕ್ಕ. ಐವತ್ತು ದಾಟಿದವರು, ನಾಪೋಕ್ಲು ಕಡೆಯ ಅರೆಭಾಷೆ ಆಡುವ ಗೌಡರ ಹೆಣ್ಣುಮಗಳು. ಎಸ್ಸೆಸ್ಸೆಲ್ಸಿ ಪಾಸಾಗಿ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕಿದ್ದವರನ್ನು, ಅಕ್ಷರ ದುಂಡಗಿದೆ ಎಂದು ಮಾದಪ್ಪನವರೇ ಕರೆದು ಪುಸ್ತಕಗಳ ಕಾರ್ಡು ಬರೆಯಲು ಕೂರಿಸಿದ್ದರಂತೆ. ಗಂಡ ತೀರಿಕೊಂಡಿದ್ದರು. ಬಂಗಲೆಯ ಹಿಂದಿನ ಸಣ್ಣ ಮನೆಯಲ್ಲಿ ತಾಯಿ ಪೂವಮ್ಮನವರ ಜೊತೆ ಇದ್ದರು.

ಜೂನ್ ಮೊದಲ ಶನಿವಾರ, ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ, ಅರ್ಧ ನೆನೆದುಕೊಂಡು ನಾನು ಅಲ್ಲಿಗೆ ಹೋದಾಗ ಅವರು ಬಾಗಿಲಲ್ಲೇ ತಡೆದರು.

“ಕಾಲು ನೋಡ್ಕೊಳ್ಳಿ ಮೇಡಂ, ಜಿಗಣೆ ಉಂಟು. ಆಮೇಲೆ ಕೈ ತೊಳ್ದು ಒರೆಸ್ಕೊಳ್ಳಿ. ಬ್ಯಾಗು, ಫೋನು ಇಲ್ಲೇ ಇಡಿ. ಪೆನ್ನು ಬೇಡ, ಪೆನ್ಸಿಲ್ ನಾನು ಕೊಡ್ತೇನೆ.”

ಪುಸ್ತಕ ಬೇಕಾದರೆ ಚೀಟಿಯಲ್ಲಿ ಅದರ ನಂಬರು, ನಮ್ಮ ಹೆಸರು, ತಾರೀಕು ಬರೆಯಬೇಕು. ವಾಪಸ್ಸು ಕೊಡುವಾಗ ಯಾವ ಪುಟದಿಂದ ಟಿಪ್ಪಣಿ ಮಾಡಿಕೊಂಡಿದ್ದೇವೆ ಎಂದು ಅದೇ ಚೀಟಿಯಲ್ಲಿ ಬರೆಯಬೇಕು. ಜಾನಕಿ ಅಕ್ಕ ಅದನ್ನು ರಿಜಿಸ್ಟರಿಗೆ ಏರಿಸಿ, ಚೀಟಿಯನ್ನು ದಾರಕ್ಕೆ ಪೋಣಿಸುತ್ತಿದ್ದರು. ಇಷ್ಟು ಶಿಸ್ತು ನಾನು ಯೂನಿವರ್ಸಿಟಿಯಲ್ಲೂ ಕಂಡಿರಲಿಲ್ಲ.

ಮೂರನೆಯ ವಾರಕ್ಕೆ ಅವರು ನನ್ನನ್ನು ತಮ್ಮ ಮೇಜಿನ ಹತ್ತಿರ ಕರೆದು, ಕೆಳಗಿನ ಎರಡು ಡ್ರಾಯರ್ ಎಳೆದು ತೋರಿಸಿದರು. ಮದುವೆ ಕರೆಯೋಲೆಗಳ ಖಾಲಿ ಬೆನ್ನನ್ನು ಒಂದೇ ಅಳತೆಗೆ ಕತ್ತರಿಸಿ ಮಾಡಿದ ಕಾರ್ಡುಗಳು, ಡ್ರಾಯರ್ ತುಂಬ. ಅವು ಪುಸ್ತಕಗಳ ಕಾರ್ಡುಗಳಾಗಿರಲಿಲ್ಲ. ಆ ಪುಸ್ತಕಗಳಲ್ಲಿ ಅಲ್ಲಲ್ಲಿ ಒಂದು ಸಾಲಿನಲ್ಲಿ ಬಂದುಹೋಗುವ ಆಳುಗಳು, ದಾರಿ ತೋರಿಸಿದವರು, ಅಡುಗೆಯವರು, ಹೊರೆಯವರು, ದುಭಾಷಿಗಳು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. “ಮುತ್ತ. ಆನೆದಾರಿ ತೋರಿಸಿದವ. ಜ್ವರ ಬಂತೆಂದು ದಾರಿಯಲ್ಲೇ ಬಿಟ್ಟುಹೋದರು.” “ಹೆಸರಿಲ್ಲ. ಅಡುಗೆಯವ. ಹಿಮದಲ್ಲಿ ಕಾಲ್ಬೆರಳು ಹೋಯಿತು.” ಎದುರಿಗೆ ಪುಸ್ತಕದ ನಂಬರು, ಪುಟ. ಇಂಗ್ಲಿಷ್ ಪುಸ್ತಕಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ಇಪ್ಪತ್ತು ವರ್ಷಗಳಿಂದ ಅವರೊಬ್ಬರೇ ಬರೆದದ್ದು.

ನಾನು ಬೆರಗಾಗಿ ಕೂತೆ. ನನ್ನ ಲೇಖನ ಅಲ್ಲಿತ್ತು. ನಾನು ಮಾಡಬೇಕಾದ ಕೆಲಸವನ್ನೆಲ್ಲ ಯಾರೋ ಆಗಲೇ ಮಾಡಿಟ್ಟಿದ್ದರು.

“ಇದನ್ನ ಯಾಕೆ ಶುರು ಮಾಡಿದ್ರಿ ಅಕ್ಕ?”

ಆಗ ಅವರು ಬೆಳ್ಯಪ್ಪನ ಕಥೆ ಹೇಳಿದರು. ಬೆಳ್ಯಪ್ಪ ಪೂವಮ್ಮನವರ ತಂದೆಯ ತಂದೆ. ಒಂದು ಬೇಸಿಗೆಯಲ್ಲಿ ಸರ್ವೆ ದೊರೆಯೊಬ್ಬನ ತಂಡದ ಜೊತೆ ಹೊರೆ ಹೊರಲು ಘಟ್ಟ ಹತ್ತಿ ಹೋದವನು ತಿರುಗಿ ಬರಲಿಲ್ಲ. ಘಟ್ಟ ಇಳಿದು ಮಲಯಾಳದ ಕಡೆ ಇನ್ನೊಂದು ಸಂಸಾರ ಕಟ್ಟಿಕೊಂಡ ಎಂದು ಊರಿನಲ್ಲಿ ಮಾತಾಯಿತು. ಹೆಂಡತಿ ತಾಳಿ ತೆಗೆಯಲಿಲ್ಲ, ತಿಥಿ ಮಾಡಲಿಲ್ಲ. ಮೂರು ವರ್ಷದ ಮಗ ‘ಓಡಿಹೋದವನ ಮಗ’ ಎನ್ನಿಸಿಕೊಂಡೇ ಬೆಳೆದು, ಮುದುಕನಾಗಿ ಸತ್ತ. ಪೂವಮ್ಮನವರಿಗೂ ಮದುವೆ ಮಾತು ಬಂದಾಗ ಎರಡು ಕಡೆಯವರು ಈ ಕಾರಣ ಹೇಳಿಯೇ ಎದ್ದುಹೋಗಿದ್ದರಂತೆ.

“ಅವ್ವನಿಗೆ ಈಗ ಎಂಬತ್ನಾಲ್ಕು. ಅವ್ರದ್ದು ಒಂದೇ ಹಟ. ಅಜ್ಜ ಹಾಗೆ ಬಿಟ್ಟು ಹೋಗುವವರಲ್ಲ, ಎಲ್ಲಾದ್ರೂ ಬರ್ದಿರ್ತದೆ ಅಂತ. ಅಚ್ಚಿನ ಪುಸ್ತಕ ಎಲ್ಲ ನಾನು ನೋಡಿ ಆಯ್ತು ಮೇಡಂ. ಈ ಫೀಲ್ಡ್ ಬುಕ್ ಮಾತ್ರ ನನ್ನಿಂದ ಆಗುದಿಲ್ಲ. ಕೈಬರಹ ಒಂದಕ್ಕೊಂದು ಕೂಡಿ ಹೋಗಿದೆ, ನಂಗೆ ಓದ್ಲಿಕ್ಕೇ ಬರುದಿಲ್ಲ. ನೀವು ಹೇಗೂ ಅದನ್ನೇ ಓದುವವರಲ್ಲ. ಮಧ್ಯೆ ಎಲ್ಲಾದ್ರೂ ಬೆಳ್ಯಪ್ಪ ಅಂತ ಕಂಡ್ರೆ ಒಂದು ಮಾತು ಹೇಳಿ. ಅಷ್ಟೇ. ಈ ಕಾರ್ಡೆಲ್ಲ ನೀವು ಬರ್ಕೊಂಡು ಹೋಗಿ.”

ನಾನು ಬರೆದುಕೊಂಡೆ. ಆ ಜೂನ್, ಜುಲೈ ಪ್ರತಿ ಶನಿವಾರ, ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಬರೆದುಕೊಂಡೆ. ಹೊರಗೆ ಕಾಫಿ ತೋಟದ ಮೇಲೆ ಮಳೆ ಒಂದೇ ಸಮನೆ ಬೀಳುತ್ತಿತ್ತು. ಕರೆಂಟು ಹೋದಾಗ ಬೀರುಗಳ ಒಳಗಿನ ಬಲ್ಬುಗಳು ಒಟ್ಟಿಗೆ ಆರುತ್ತಿದ್ದವು, ಜಾನಕಿ ಅಕ್ಕ ಓಡಿಹೋಗಿ ಬೀರುಗಳ ಬಾಗಿಲು ಗಟ್ಟಿಯಾಗಿ ಮುಚ್ಚಿ ಬರುತ್ತಿದ್ದರು. ಮಧ್ಯಾಹ್ನದ ಊಟ ಅವರ ಮನೆಯಲ್ಲೇ. ಪೂವಮ್ಮನವರು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ನಾನು ತಿನ್ನುವುದನ್ನೇ ನೋಡುತ್ತಿದ್ದರು. ನಾನು ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆ.

ಆ ನಡುವೆ ಮೈಸೂರಿನಿಂದ ಮಾದಪ್ಪನವರ ಮಗಳು ಫೋನು ಮಾಡಿ, ಬೆಂಗಳೂರಿನ ಒಬ್ಬ ಪ್ರೊಫೆಸರ್ ಆಗಸ್ಟಿನಲ್ಲಿ ಬರುತ್ತಾರೆ, ಸರ್ವೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾರೆ, ಎಲ್ಲ ತೋರಿಸಿ ಎಂದು ಹೇಳಿದರು. ಜಾನಕಿ ಅಕ್ಕ ಸಂಭ್ರಮದಿಂದಲೇ ನನಗೆ ತಿಳಿಸಿದರು. ನನಗೆ ನನ್ನ ಲೇಖನದ ಚಿಂತೆ ಹತ್ತಿತು. ಈ ಹೆಂಗಸು ಕೇಳಿದವರಿಗೆಲ್ಲ ಎಲ್ಲವನ್ನೂ ತೆಗೆದು ತೋರಿಸುತ್ತಾರೆ. ನನಗೆ ತೋರಿಸಿದ ಹಾಗೆಯೇ ಅವರಿಗೂ ತೋರಿಸುತ್ತಾರೆ.

ಜುಲೈ ಕೊನೆಯ ಶನಿವಾರ ಅವ್ವನಿಗೆ ಮೈ ಸರಿಯಿಲ್ಲವೆಂದು ಜಾನಕಿ ಅಕ್ಕ ಅವರನ್ನು ಸಿದ್ದಾಪುರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಬೀಗದ ಕೈ ನನಗೇ ಕೊಟ್ಟಿದ್ದರು. ನಾನೊಬ್ಬಳೇ ಕೂತು ಹದಿನಾಲ್ಕನೇ ಫೀಲ್ಡ್ ಬುಕ್ ಓದುತ್ತಿದ್ದೆ. ಕೋನಗಳು, ದೂರಗಳು, ಮಂಜು ಕವಿದು ಏನೂ ಕಾಣಲಿಲ್ಲ ಎಂಬ ದೂರು, ಹೀಗೆ ಸಾಗುತ್ತಾ ಒಂದು ಪುಟದಲ್ಲಿ ಅಕ್ಷರ ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು, ಆದರೆ ಬಾಯಿಬಿಟ್ಟು ಓದಿದರೆ ಬೆಳ್ಯಪ್ಪ ಎಂದೇ ಆಗುತ್ತಿತ್ತು. ಊರಿನ ಹೆಸರೂ ಇತ್ತು.

ಮಳೆ ಬೇಗ ಬಂತು ಎಂದು ಆ ಅಧಿಕಾರಿ ಬರೆದಿದ್ದ. ತಂಡ ಹೊಳೆ ದಾಟುವಾಗ ನಕ್ಷೆ ಬಿಡಿಸುವ ಹಲಗೆ ಹೊತ್ತಿದ್ದ ಬೆಳ್ಯಪ್ಪ ಕಾಲು ಜಾರಿದ. ಬೀಳುವ ಮೊದಲು ಹಲಗೆಯನ್ನು ಮುಂದಿನವನ ಕೈಗೆ ದಾಟಿಸಿದ. ನೀರು ಅವನನ್ನು ಎಳೆದುಕೊಂಡು ಹೋಯಿತು. ಎರಡು ದಿನ ಹುಡುಕಿದರು, ದೇಹ ಸಿಗಲಿಲ್ಲ. ಹಲಗೆಗೆ ಏನೂ ಆಗಿಲ್ಲ. ಅವನ ಮನೆಗೆ ಹೇಳಿ ಕಳಿಸಬೇಕು. ಮುಂದಿನ ಪುಟದಲ್ಲಿ ಬೇರೆ ಗುಡ್ಡ, ಬೇರೆ ಕೋನಗಳು. ಹೇಳಿ ಕಳಿಸಿದ್ದರ ಬಗ್ಗೆ ಎಲ್ಲೂ ಒಂದು ಸಾಲಿಲ್ಲ.

ನನಗೆ ಅಳು ಬಂತು. ಇದನ್ನು ಹೇಳಿಕೊಳ್ಳಬೇಕು: ಮೊದಲು ಬಂದದ್ದು ಅಳುವೇ. ಆಮೇಲೆ, ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ, ಲೇಖನದ ಮೊದಲ ಪ್ಯಾರಾ ತಲೆಯಲ್ಲಿ ಬಂದು ನಿಂತಿತು. ಇದನ್ನೇ ಮುಂದಿಟ್ಟುಕೊಂಡು ಶುರು ಮಾಡಿದರೆ ಯಾವ ಸಂಪಾದಕನೂ ಬೇಡ ಎನ್ನುವುದಿಲ್ಲ. ಜಾನಕಿ ಅಕ್ಕನಿಗೆ ಇವತ್ತು ಹೇಳಿದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ, ಆಗಸ್ಟಿನಲ್ಲಿ ಪ್ರೊಫೆಸರ್‌ಗೂ ಗೊತ್ತಾಗುತ್ತದೆ. ಎರಡು ತಿಂಗಳು ತಡೆದರೆ ಸಾಕು. ಅಚ್ಚಾದ ಲೇಖನವನ್ನೇ ತಂದು ಅವ್ವನ ಕೈಯಲ್ಲಿಡುತ್ತೇನೆ, ಇನ್ನೂ ಹೆಚ್ಚು ಸಂತೋಷಪಡುತ್ತಾರೆ. ಹೀಗೆ ನನಗೆ ನಾನೇ ಹೇಳಿಕೊಂಡೆ. ಪುಟವನ್ನು ಪೂರ್ತಿ ನಕಲು ಮಾಡಿಕೊಂಡೆ. ಅಭ್ಯಾಸಬಲದಿಂದ ಚೀಟಿಯಲ್ಲಿ ಪುಟದ ನಂಬರನ್ನೂ ಬರೆದಿಟ್ಟೆ.

ಮರುದಿನ ಭಾನುವಾರ ಊಟಕ್ಕೆ ಅಕ್ಕಿ ರೊಟ್ಟಿ, ಎಳೆ ಬಿದಿರಿನ ಕಣಿಲೆ ಪಲ್ಯ. ಅವ್ವ ಕಂಬಳಿ ಹೊದ್ದುಕೊಂಡು ಗೋಡೆಗೆ ಒರಗಿ ಕೂತಿದ್ದರು. ಜ್ವರ ಇಳಿದಿತ್ತು, ಆದರೆ ಧ್ವನಿ ಸಣ್ಣದಾಗಿತ್ತು. ಅಜ್ಜನ ಹೆಸರು ಸಿಕ್ಕಿತಾ ಎಂದು ಪ್ರತಿ ವಾರ ಕೇಳುವ ಹಾಗೆಯೇ ಕೇಳಿದರು. ‘ಉಂಟಾ’ ಎನ್ನುವುದಕ್ಕೆ ಅವರ ಅರೆಭಾಷೆಯಲ್ಲಿ ‘ಉಟ್ಟಾ’ ಎನ್ನುತ್ತಾರೆ.

“ಉಟ್ಟಾ ಮಗಾ?”

ನನ್ನ ಬಾಯಲ್ಲಿ ಅವರದೇ ರೊಟ್ಟಿ ಇತ್ತು. ಅದನ್ನು ನುಂಗಿಕೊಂಡು, “ಇಲ್ಲ ಅವ್ವ. ಇನ್ನೂ ಇಲ್ಲ” ಎಂದೆ.

ಅವರು ತಲೆಯಾಡಿಸಿದರು. ಜಾನಕಿ ಅಕ್ಕ, “ಇನ್ನೂ ಹನ್ನೆರಡು ಪುಸ್ತಕ ಉಂಟಲ್ಲ ಅವ್ವ, ಸಿಕ್ತದೆ” ಎಂದು ಸಮಾಧಾನ ಹೇಳಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಆಮೇಲೆ ಆಗಸ್ಟ್ ಪೂರ್ತಿ ನಾನು ಏನೇನೋ ಕಾರಣ ಹೇಳಿ ಊಟಕ್ಕೆ ಹೋಗಲಿಲ್ಲ, ಬನ್ನು ಕಟ್ಟಿಸಿಕೊಂಡು ಹೋಗುತ್ತಿದ್ದೆ. ಪ್ರೊಫೆಸರ್ ಆಗಸ್ಟಿನಲ್ಲಿ ಬರಲೇ ಇಲ್ಲ. ಘಟ್ಟದಲ್ಲಿ ರಸ್ತೆ ಕುಸಿದಿದೆ ಎಂದು ಮುಂದಕ್ಕೆ ಹಾಕಿದರು. ಆಗಲಾದರೂ ಹೇಳಬಹುದಿತ್ತು. ಆದರೆ ಒಮ್ಮೆ ‘ಇಲ್ಲ’ ಎಂದ ಮೇಲೆ ಯಾವಾಗ ಸಿಕ್ಕಿತು ಎಂದು ಹೇಳುವುದು? ಪ್ರತಿ ವಾರ ಅದು ಇನ್ನಷ್ಟು ಕಷ್ಟವಾಯಿತು. ಸೆಪ್ಟೆಂಬರ್ ಮೊದಲ ವಾರ, ಅಲ್ಲಿಯ ಆಯುಧಪೂಜೆಯಾದ ಕೈಲ್ ಮುಹೂರ್ತದ ಹಬ್ಬ ಮುಗಿದು ನಾಲ್ಕನೆಯ ದಿನ, ಜಾನಕಿ ಅಕ್ಕ ಫೋನು ಮಾಡಿದರು.

“ಮೇಡಂ, ಈ ಶನಿವಾರ ಲೈಬ್ರರಿ ತೆರೆಯುದಿಲ್ಲ. ಅವ್ವ ಹೋದ್ರು.”

ಸಾವಿಗೂ ನಾನು ಹೋಗಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ಎಂದೆ.

ಲೇಖನ ಮುಂದಿನ ವರ್ಷ ಮಾರ್ಚಿನಲ್ಲಿ ಅಚ್ಚಾಯಿತು. ಬೆಳ್ಯಪ್ಪನ ಬಗ್ಗೆ ಅದರಲ್ಲಿ ಎರಡೇ ಸಾಲು ಉಳಿದಿತ್ತು, ಮಿಕ್ಕಿದ್ದನ್ನು ಉದ್ದವಾಯಿತೆಂದು ಸಂಪಾದಕರು ತೆಗೆದಿದ್ದರು. ಜಾನಕಿ ಅಕ್ಕನ ಕಾರ್ಡುಗಳ ಮೇಲೆ ನಿಂತ ಲೇಖನ ಅದು. ಅವರ ಹೆಸರು ಎಲ್ಲೂ ಇರಲಿಲ್ಲ. ಕೃತಜ್ಞತೆ ಹೇಳುವ ಜಾಗದಲ್ಲಿ ‘ಸಿದ್ದಾಪುರದ ಒಂದು ಖಾಸಗಿ ಸಂಗ್ರಹ’ ಎಂದು ಬರೆದಿದ್ದೆ. ಅವರ ಹೆಸರನ್ನು ಯಾರೂ ನನ್ನಿಂದ ತೆಗೆಸಿದ್ದಲ್ಲ, ನಾನೇ ಬರೆಯದೆ ಬಿಟ್ಟದ್ದು. ಡಿಗ್ರಿ ಬಂತು. ಹಾಸನದಲ್ಲಿ ಕಾಯಂ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಒಬ್ಬರು ಆ ಎರಡು ಸಾಲನ್ನು ಓದಿ ಹೇಳಿ, ಇಂಥ ಮಾನವೀಯ ದೃಷ್ಟಿ ಭೂಗೋಳದವರಲ್ಲಿ ಅಪರೂಪ ಎಂದು ಮೆಚ್ಚಿಕೊಂಡರು. ನಾನು ಥ್ಯಾಂಕ್ಸ್ ಹೇಳಿದೆ.

ಸ್ಟಾಫ್ ರೂಮಿನ ಬೀರು ತೆರೆದ ಆ ವಾರದ ಶನಿವಾರ ನಾನು ಬೆಳಗ್ಗೆ ಬಸ್ ಹತ್ತಿದೆ. ಇಷ್ಟು ವರ್ಷ ಹೋಗದವಳು ಆಗ ಯಾಕೆ ಹೋದೆ ಎಂದರೆ ಸರಿಯಾದ ಉತ್ತರ ಇಲ್ಲ. ಸೆಕೆ ಎಂದು ಸುಳ್ಳು ಹೇಳಿದ್ದು ಸಾಕಾಗಿತ್ತೋ ಏನೋ.

ಜಾನಕಿ ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಬನ್ನಿ ಎಂದರು, ಕೈ ತೊಳೆಯಲು ಹೇಳಿದರು, ಕಾಫಿ ಮಾಡಿ ತಂದರು. ಗೋಡೆಯ ಪಕ್ಕದ ಕಪಾಟಿನಲ್ಲಿ ನನ್ನ ಲೇಖನ ಇದ್ದ ಪತ್ರಿಕೆ ನಂಬರು ಅಂಟಿಸಿಕೊಂಡು ಕೂತಿತ್ತು. ಮಾದಪ್ಪನವರ ಮಗಳು ಕಳಿಸಿದ್ದಂತೆ.

“ಅಕ್ಕ, ನಾನು ಒಂದು ವಿಷಯ ಹೇಳ್ಬೇಕು...”

“ಗೊತ್ತುಂಟು ಮೇಡಂ” ಎಂದರು. ಧ್ವನಿ ಏರಲಿಲ್ಲ. “ರಿಜಿಸ್ಟರ್ ಬರೆಯುವವಳು ನಾನೇ ಅಲ್ವಾ. ನಿಮ್ಮ ಲೇಖನ ಬಂದ ದಿನ ಹದಿನಾಲ್ಕನೇ ಬುಕ್ಕಿನ ಚೀಟಿ ತೆಗ್ದು ನೋಡಿದೆ. ಜುಲೈ ತಾರೀಕು ಉಂಟು. ಆಮೇಲೆ ನೀವು ಆ ಬುಕ್ಕು ಮತ್ತೆ ಕೇಳ್ಲೇ ಇಲ್ಲ. ಆಗ ನಿಮಗೂ ಸರಿಯಾಗಿ ಓದ್ಲಿಕ್ಕೆ ಆಗಿರ್ಲಿಕ್ಕಿಲ್ಲ ಅಂತ ಅಂದ್ಕೊಂಡೆ ಮೊದ್ಲು. ಹಾಗೇ ಅಂದ್ಕೊಳ್ಬೇಕು ಅಂತ ಇತ್ತು ನಂಗೆ. ಆದ್ರೆ ನೀವು ಪುಟದ ನಂಬರ್ ಬರ್ದಿದ್ರಿ.”

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ಅಳು ನಿಲ್ಲುವವರೆಗೆ ಮೇಜಿನ ಮೇಲಿನ ಕಾರ್ಡುಗಳನ್ನು ಅಕ್ಷರಾನುಕ್ರಮಕ್ಕೆ ಜೋಡಿಸುತ್ತಾ ಕೂತಿದ್ದರು. ಕ್ಷಮೆ ಕೇಳಿದೆ. ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸುತ್ತೇನೆ, ಕಾರ್ಡುಗಳೆಲ್ಲ ನಿಮ್ಮವು ಎಂದು ಹೆಸರು ಹಾಕಿಸುತ್ತೇನೆ ಎಂದೆ.

“ಅದು ಕಳಿಸಿ” ಎಂದರು. “ಅದು ಬೇರೆ. ಲೇಖನದಲ್ಲಿ ಎರಡೇ ಸಾಲು ಉಂಟು. ಪುಟ ಪೂರ್ತಿ ನಾನು ಇನ್ನೂ ಕೇಳ್ಲಿಲ್ಲ.”

“ಇಷ್ಟು ವರ್ಷ ಯಾರ ಹತ್ರಾನೂ ಓದಿಸ್ಲಿಲ್ವಾ?”

“ಪ್ರೊಫೆಸರ್ ಬಂದಿದ್ರು. ಅವ್ರತ್ರ ಕೇಳ್ಬಹುದಿತ್ತು.” ಕಾಫಿ ಲೋಟ ಎತ್ತಿ ಬದಿಗಿಟ್ಟು, “ನೀವು ಬಂದು ಓದ್ಬೇಕು ಅಂತ ಇತ್ತು. ನಾಳೆ ಭಾನುವಾರ, ಇವತ್ತು ಇಲ್ಲೇ ಇರಿ. ಅವ್ವನ ತಮ್ಮ, ನಮ್ಮ ಮಾವನ ಮನೆಗೆ ಹೋಗುವ, ಅಲ್ಲಿ ಓದಿ” ಎಂದರು.

ಹದಿನಾಲ್ಕನೇ ಬುಕ್ಕು ಅಲ್ಲಿಯವರೆಗೆ ಬಂಗಲೆಯ ಹೊಸ್ತಿಲು ದಾಟಿರಲಿಲ್ಲವಂತೆ. ಜಾನಕಿ ಅಕ್ಕ ಮೈಸೂರಿಗೆ ಫೋನು ಮಾಡಿ ಅನುಮತಿ ಕೇಳಿ, ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ರಿಜಿಸ್ಟರಿನಲ್ಲಿ ತಮ್ಮ ಹೆಸರಿಗೇ ಬರೆದುಕೊಂಡರು. ನಾಪೋಕ್ಲು ದಾಟಿ, ಗದ್ದೆಯ ಬದುವಿನ ಮೇಲೆ ನಡೆದು ನಾವು ಆ ಮನೆ ಸೇರಿದಾಗ ಹತ್ತು ಗಂಟೆ. ಪೂವಮ್ಮನವರ ತಮ್ಮ ಸುಬ್ಬಯ್ಯ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕಾದಿದ್ದರು. ಎಂಬತ್ತರ ಹತ್ತಿರ ವಯಸ್ಸು. ಒಳಗೆ ಅವರ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಪಕ್ಕದ ಮನೆಯವರು. ಗೋಡೆಯಲ್ಲಿ ಪೂವಮ್ಮನವರ ಫೋಟೋ, ಹೂವು ಹಾಕಿತ್ತು.

ನಾನು ಓದಿದೆ. ಒಂದೊಂದು ಸಾಲು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ಹಲಗೆ ದಾಟಿಸಿದ ಕಡೆ ಮಾವ ಕೈಯೆತ್ತಿ ನಿಲ್ಲಿಸಿ, “ಎಂತ? ಇನ್ನೊಮ್ಮೆ ಹೇಳಿ” ಎಂದರು. ಹೇಳಿದೆ. ನೀರು ಎಳೆದುಕೊಂಡು ಹೋಯಿತು ಎಂದಾಗ ಒಬ್ಬ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪುಟ ಮುಗಿಯಿತು. ಮಾವ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

“ಅಪ್ಪ ಸಾಯುವ ತನಕ ತಲೆ ತಗ್ಗಿಸ್ಕೊಂಡೇ ಇದ್ರು” ಎಂದರು. “ನೀವು ದೊಡ್ಡ ಉಪಕಾರ ಮಾಡಿದ್ರಿ ಅಮ್ಮ.”

ನಾನು ಜಾನಕಿ ಅಕ್ಕನ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಬಿಳಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನಾಲ್ಕಾಗಿ ಮಡಿಸುತ್ತಿದ್ದರು. ಅವರು ಯಾರಿಗೂ ಏನನ್ನೂ ಹೇಳಿಲ್ಲ ಎಂದು ಆಗ ನನಗೆ ತಿಳಿಯಿತು. ಹೇಳುವುದೂ ಇಲ್ಲ.

“ಅಕ್ಕ ಇದ್ದಿದ್ರೆ” ಎಂದು ಮಾವ ಫೋಟೋದ ಕಡೆ ತಿರುಗಿದರು. “ಇದು ಯಾವಾಗ ಸಿಕ್ಕಿದ್ದಮ್ಮ ನಿಮಗೆ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೋದ ವರ್ಷ ಎನ್ನಬಹುದಿತ್ತು. ಯಾರೂ ಮತ್ತೆ ಕೇಳುತ್ತಿರಲಿಲ್ಲ.

“ಅವ್ವ ಇದ್ದಾಗಲೇ” ಎಂದೆ. “ಜುಲೈಯಲ್ಲಿ. ಅವರು ಕೇಳಿದ್ರು. ನಾನು ಇಲ್ಲ ಅಂದೆ.”

ಸುಬ್ಬಯ್ಯ ಮಾವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರು ಕೂತಲ್ಲಿಂದ ನಿಧಾನವಾಗಿ ಎದ್ದರು. ಬಯ್ಯುತ್ತಾರೆ, ಹೊರಗೆ ನಡಿ ಎನ್ನುತ್ತಾರೆ ಎಂದು ಕಾದೆ. ಅವರು ನನ್ನ ಮುಖ ನೋಡದೆ, ಗೋಡೆಯ ಕಡೆ ಕೈ ತೋರಿಸಿದರು.

“ಹೋಗು. ಅಲ್ಲಿ ಅಕ್ಕನ ಮುಂದೆ ನಿಂತು ಓದು.”

ಪುಸ್ತಕ ಎತ್ತಿಕೊಂಡು ಫೋಟೋದ ಮುಂದೆ ಹೋಗಿ ನಿಂತೆ. ಯಾರೂ ಎದ್ದು ಹೋಗಲಿಲ್ಲ, ಯಾರೂ ಸಾಕು ಎನ್ನಲಿಲ್ಲ. ಮೊದಲ ಸಾಲಿನಿಂದ ಶುರು ಮಾಡಿದೆ.